ದಮ್ಮಿಲ್ಲ ಅಂತ

ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಬೇಕರಿಯವನ ಎದೆಯೊಳಗೆ ಸಿಳ್ಳೆ ಎದ್ದಿತು. ಬಲಹೆಗಲ ಮೇಲೆ ಅಣ್ಣನ ಶವವಿದ್ದ ಪೆಟ್ಟಿಗೆಯ ಮುಂದಿನ ಮೂಲೆ. ಕಾಲ ಕೆಳಗೆ ಸ್ಮಶಾನದ ಗುಡ್ಡಕ್ಕೆ ಏರಿದ ಕಡಿದಾದ ಕಲ್ಲುದಾರಿ. ಒಳಗೆಳೆದ ಉಸಿರು ಹೇಗೋ ಒಳಹೊಕ್ಕಿತು. ಹೊರಡಬೇಕಾದಾಗ ಮಾತ್ರ, ಇಕ್ಕಟ್ಟಾದ ಬಾಗಿಲಿಗೆ ಒಮ್ಮೆಲೇ ನುಗ್ಗಿದ ಜನದಂತೆ, ಒಂದನ್ನೊಂದು ತಳ್ಳಿಕೊಂಡು ಕೀಚಲು ದನಿಯಲ್ಲಿ ಹೊರಬಂದಿತು. ಹೆಜ್ಜೆ ತಪ್ಪಿತು. ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು.

“ನಿಲ್ಲಿ, ನಿಲ್ಲಿ! ಇವರಿಗೆ ದಮ್ಮಿಲ್ಲ! ಯಾರಾದ್ರೂ ಹೆಗಲು ಕೊಡ್ರಪ್ಪಾ!” ಎಂದು ಪಕ್ಕದಲ್ಲಿ ನಡೆಯುತ್ತಿದ್ದ ನಿವೃತ್ತ ಬಸ್ ಡ್ರೈವರು ಕೂಗಿದ.

“ಯಾರಿಗ್ರೀ ದಮ್ಮಿಲ್ಲ?” ಎಂದು ಬೇಕರಿಯವನು ಗದರಿದ. ಉಳಿದಿದ್ದ ಉಸಿರೂ ಆ ಕೋಪಕ್ಕೇ ಖರ್ಚಾಯಿತು.

ಹಿಂದಿನಿಂದ ಅಣ್ಣನ ಕ್ಲಿನಿಕ್ಕಿನ ಮುದಿ ಕಾಂಪೌಂಡರು ಓಡಿಬಂದು ಪೆಟ್ಟಿಗೆಯ ಅಡಿಗೆ ತನ್ನ ಹೆಗಲನ್ನು ತೂರಿಸಿದ. “ಬಿಡಿ ಚಿಕ್ಕಣ್ಣ, ಮೂಲೆ ಬಿಡಿ. ಬೀಳಿಸಿಬಿಟ್ಟೀರ ಡಾಕ್ಟರನ್ನ! ಆಗಲ್ಲ ಅವರಿಗೂ ಇನ್ನೊಂದ್ಸಲ ಏಳೋಕೆ.”

ಯಾರೋ ನಕ್ಕು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು. ಮೆರವಣಿಗೆ ಮುಂದೆ ಸರಿಯಿತು. ಬೇಕರಿಯವನನ್ನು ಡ್ರೈವರು ದಾರಿಯಂಚಿನ ಕಲ್ಲಿನ ಮೇಲೆ ಕೂರಿಸಿ, ಡಾಕ್ಟರೇ ತನಗೆ ಬರೆದುಕೊಟ್ಟಿದ್ದ, ಉಸಿರಿಗೆ ಎಳೆದುಕೊಳ್ಳುವ ನೀಲಿ ಬಣ್ಣದ ಪಂಪನ್ನು ಜೇಬಿನಿಂದ ತೆಗೆದು ಅಲುಗಾಡಿಸಿದ.

“ಬೇರೆಯವರ ಔಷಧಿ ತಗೋಬಾರದು, ಗೊತ್ತು. ಆದ್ರೆ ನಿಮ್ಮ ಎದೆ ಕೂಗ್ತಾ ಇರೋದು ನಮ್ಮ ಬಸ್ ಹಾರನ್ ಥರ ಕೇಳ್ತಿದೆ. ಉಸಿರೆಲ್ಲ ಬಿಡಿ ಮೊದ್ಲು. ಹಾಂ. ಈಗ ನಾನು ಒತ್ತಿದಾಗ ನಿಧಾನಕ್ಕೆ ಎಳ್ಕೊಳ್ಳಿ. ನುಂಗಬೇಡಿ ಮಾರಾಯ್ರೇ, ಪಾನಕ ಅಲ್ಲ ಅದು! ಎಳ್ಕೊಂಡು ಹಿಡೀರಿ… ಹಿಡೀರಿ… ಬಿಡಿ.”

ಮೊದಲನೆಯ ಸಲ ಗಂಟಲಿಗೆ ಬಡಿಯಿತು. ಎರಡನೆಯ ಸಲ ಒಳಗಿಳಿಯಿತು. ತುಸು ಹೊತ್ತಿನಲ್ಲಿ ಎದೆಯ ನೂಕುನುಗ್ಗಲು ಸಡಿಲಿ, ಸಿಳ್ಳೆಯ ದನಿ ತಗ್ಗಿತು. ಅದು ತಗ್ಗಿದ್ದೇ ಅವನಿಗೆ ಇನ್ನಷ್ಟು ಕಸಿವಿಸಿ ತಂದಿತು. ಅಣ್ಣ ನಿಂದಿಸಿದ ಎದೆಗೆ ಅಣ್ಣನ ಮದ್ದೇ ನಾಟಿತಲ್ಲ ಎಂದುಕೊಂಡ.

ದಮ್ಮು ಎಂಬುದು ಬಲು ಕಪಟದ ಶಬ್ದ. ಉಸಿರಿಗೂ ಅದೇ ಹೆಸರು, ಉಸಿರನ್ನು ಹಿಸುಕುವ ಕಾಯಿಲೆಗೂ ಅದೇ ಹೆಸರು. ಬೀಡಿ ಸೇದುವವನು ಎಳೆಯುವುದೂ ಅದನ್ನೇ, ಜಂಬದವನು ಎದೆ ತಟ್ಟಿ ತೋರಿಸುವುದೂ ಅದನ್ನೇ. ಇಲ್ಲವೆಂದರೆ ಇವುಗಳಲ್ಲಿ ಯಾವುದು ಇಲ್ಲ ಎಂಬುದನ್ನು ಆಡಿದವನೇ ಬಿಡಿಸಿ ಹೇಳಬೇಕು. ಆಡಿದವನು ಈಗ ಪೆಟ್ಟಿಗೆಯೊಳಗೆ ಕಣ್ಣು ಮುಚ್ಚಿ, ಅಪರಿಚಿತರ ಹೆಗಲ ಮೇಲೆ ಗುಡ್ಡವನ್ನು ಏರುತ್ತಿದ್ದ.

*

ಅಣ್ಣ ಎದೆಯ ಡಾಕ್ಟರು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಯಾರು ಬಂದರೂ ಒಂದು ಕೊಳವೆಯನ್ನು ಬಾಯಿಗಿಟ್ಟು “ಊದಿ” ಎನ್ನುತ್ತಿದ್ದುದರಿಂದ ಬೀದಿಯ ಜನ ಅವನನ್ನು ಊದು ಡಾಕ್ಟರು ಎಂದು ಕರೆದರು. ಗೋಡೆಯ ಮೇಲೆ ತಲೆಕೆಳಗಾದ ಮರದಂತೆ ಶ್ವಾಸಕೋಶದ ಚಿತ್ರ. ಕಪಾಟಿನಲ್ಲಿ ಕಫ ಹಿಡಿಯುವ ಮುಚ್ಚಳದ ಡಬ್ಬಿಗಳು. ಒಂದೇ ಒಂದು ಬೆಂಚು, ಅದರ ಒಂದು ಕಾಲು ಗಿಡ್ಡ.

ಅವನ ಮಾತು ನಿಧಾನ. ವಾಕ್ಯದ ನಟ್ಟನಡುವೆ ನಿಂತು, ಕಿಟಕಿಯ ಕಡೆ ನೋಡಿ, ಮುಂದಿನ ಪದಕ್ಕೆ ದೇವರ ಅಪ್ಪಣೆಯಾಗಬೇಕೆಂಬಂತೆ ಕಾಯುವವನು. ತಮ್ಮನಾದರೋ ಮೂಗಿನ ತುದಿಯಲ್ಲೇ ಕೋಪವಿಟ್ಟುಕೊಂಡವನು. “ಅಣ್ಣನ ಒಂದು ವಾಕ್ಯ ಮುಗಿಯೋಷ್ಟರಲ್ಲಿ ನನ್ನ ಬ್ರೆಡ್ಡು ಬೆಂದು, ಆರಿ, ಮಾರಾಟವಾಗಿರುತ್ತೆ” ಎಂದು ಮನೆಯಲ್ಲಿ ನಗಿಸುತ್ತಿದ್ದ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅಣ್ಣನೇ. ಅದೂ ತಡವಾಗಿ.

ತಮ್ಮ ಆಗಿನ್ನೂ ಬೇರೊಬ್ಬರ ದೊಡ್ಡ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದಲ್ಲಿದ್ದ. ಕೆಮ್ಮು ಬಿಡದೆ ಕಾಡಿದಾಗ ಒಂದು ಮಧ್ಯಾಹ್ನ ಅಣ್ಣನ ಮುಂದೆ ಅಂಗಿ ಬಿಚ್ಚಿ ಕುಳಿತ. ಕೆಮ್ಮು ನೆಪ, ಮನಸ್ಸಿನಲ್ಲಿದ್ದದ್ದು ಬೇರೆ. ಅಣ್ಣ ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡಿ ಬೆನ್ನಿಗಿಟ್ಟ.

“ಅಣ್ಣ, ಕೆಲ್ಸ ಬಿಟ್ಬಿಡೋಣ ಅಂತಿದ್ದೀನಿ.”

“ಮಾತಾಡಬೇಡ. ಉಸಿರೆಳಿ.”

ಉಸಿರೆಳೆದ. ಆದರೆ ಎಷ್ಟು ದಿನದಿಂದ ಕುದಿಯುತ್ತಿದ್ದ ಮಾತು! “ಬೀದಿ ತಿರುವಲ್ಲಿ ಒಂದು ಅಂಗಡಿ ಖಾಲಿ ಇದೆ. ಸ್ವಂತ ಒಲೆ ಹಾಕ್ತೀನಿ. ಮುಳುಗಿದ್ರೆ ಮುಳುಗಲಿ. ಏನಂತೀಯ? ನಂಗಾಗುತ್ತಾ?”

ಅಣ್ಣ ಬಿಲ್ಲೆಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿದ. ಬಹಳ ಹೊತ್ತು ಆಲಿಸಿದ. ಆಮೇಲೆ ಕಿವಿಯಿಂದ ನಳಿಗೆಗಳನ್ನು ಕಿತ್ತು, ಕೊರಳಿಗೆ ಹಾಕಿಕೊಳ್ಳುತ್ತ ಹೇಳಿದ.

“ನಿನಗೆ ದಮ್ಮಿಲ್ಲ…”

ಎಂದು ಕಿಟಕಿಯ ಕಡೆ ನೋಡಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಎದ್ದ. ಅಂಗಿಯ ಗುಂಡಿಗಳನ್ನು ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡು, ಗಿಡ್ಡ ಕಾಲಿನ ಬೆಂಚನ್ನು ಎಡವಿ, ಬೀದಿಗಿಳಿದ. “ಯಾಕೆ ಚಿಕ್ಕಣ್ಣ, ಏನಾಯ್ತು?” ಎಂದು ಕಾಂಪೌಂಡರು ಕೇಳಿದ್ದಕ್ಕೆ, “ನಿಮ್ಮ ಡಾಕ್ಟರನ್ನೇ ಕೇಳು. ಊರಲ್ಲಿ ದಮ್ಮಿರೋದು ಅವರೊಬ್ಬರಿಗೇ!” ಎಂದ.

ಮುಂದಿನ ತಿಂಗಳೇ ತಿರುವಿನಲ್ಲಿ ಒಲೆ ಹೊತ್ತಿತು. ಅದು ಆರಲೇ ಇಲ್ಲ. ಪ್ರತಿ ದಿನ ಬೆಳಗಿನ ಬಿಸಿ ಬ್ರೆಡ್ಡು ಅಣ್ಣನಿಗೆ ಕೊಟ್ಟ ಉತ್ತರವೆಂದೇ ಅವನು ತಿಳಿದ. ಹಿಟ್ಟು ಜರಡಿ ಹಿಡಿಯುವಾಗ ಬರುತ್ತಿದ್ದ ಕೆಮ್ಮು ಮಾತ್ರ ಉಳಿಯಿತು. ವರ್ಷ ಕಳೆದಂತೆ ಅದಕ್ಕೊಂದು ಸಿಳ್ಳೆಯೂ ಕೂಡಿಕೊಂಡಿತು. ಯಾವ ಡಾಕ್ಟರ ಮೆಟ್ಟಿಲನ್ನೂ ಅವನು ತುಳಿಯಲಿಲ್ಲ. ತುಳಿದರೆ ಅಣ್ಣನ ಮಾತು ನಿಜವಾದಂತೆ.

*

ಅವನು ಗುಡ್ಡದ ನೆತ್ತಿಗೆ ಬಂದಾಗ ಪೆಟ್ಟಿಗೆಯನ್ನು ನೆಲಕ್ಕಿಳಿಸಿ ಜನ ಬೆವರೊರೆಸಿಕೊಳ್ಳುತ್ತಿದ್ದರು. ಗುಂಡಿಯ ಒಂದು ಬದಿಗೆ ಕಲ್ಲು ಸಿಕ್ಕಿತೆಂದು ತೋಡುವವರು ಇನ್ನೂ ಹಾರೆ ಹಾಕುತ್ತಿದ್ದರು. ಕಾಯುವ ಜನರ ನಡುವೆ ಮಾತು ತಾನಾಗಿ ಹುಟ್ಟಿತು.

“ಎದೆ ಡಾಕ್ಟರು ಎದೆ ಹಿಡ್ಕೊಂಡೇ ಹೋದ್ರಲ್ಲ, ಏನು ವಿಧಿ ನೋಡಿ” ಎಂದು ಟೈಲರಮ್ಮ ಕಣ್ಣೊರೆಸಿಕೊಂಡಳು.

“ಅದು ಹೃದಯ ಕಣಮ್ಮ. ಇವರ ಇಲಾಖೆ ಶ್ವಾಸಕೋಶ” ಎಂದ ಡ್ರೈವರು. “ಪಕ್ಕದ ಮನೆಯವರು ಮಾಡಿದ ದ್ರೋಹ.”

“ಸುಮ್ನಿರಿ, ನಿಮ್ಮ ನಾಲಿಗೆಗೆ ಬ್ರೇಕೇ ಇಲ್ಲ. ನಂಗೆ ಕ್ಷಯ ಬಂದಾಗ ನನ್ನ ನಾದಿನಿ ಲೋಟ ಬೇರೆ ಇಟ್ಳು. ಇವರು ನನ್ನ ಪಕ್ಕದಲ್ಲೇ ಕೂತು ಮಾತ್ರೆ ನುಂಗಿಸಿದ್ರು. ಕೆಮ್ಮು ನಿಂತ್ಮೇಲೆ ಇನ್ನೇನು ಅಂತ ನಾನು ಮಾತ್ರೆ ಬಿಟ್ಟೆ. ಮನೆಗೇ ಬಂದ್ರು! ‘ಸತ್ತಿಲ್ಲ ಅದು, ಮಲಗಿದೆ ಅಷ್ಟೆ. ಎಬ್ಬಿಸಬೇಡಿ ಅರ್ಧಕ್ಕೆ ಬಿಟ್ಟು’ ಅಂದ್ರು.”

“ನಂಗೆ ಪಂಪು ಅಂದ್ರೆ ನಾಚಿಕೆ. ಬಸ್ಸಲ್ಲಿ ನನ್ನ ಸೀಟಿನ ಕೆಳಗೆ ಬಚ್ಚಿಡ್ತಿದ್ದೆ, ಕಳ್ಳ ಮಾಲಿನ ಥರ. ‘ನಾಚಿಕೆ ಪಡ್ತೀರಾ, ಕನ್ನಡಕ ಹಾಕೋಕೆ?’ ಅಂತ ಕೇಳಿದ್ರು. ಮತ್ತೆ ನನ್ನ ಮಗಳು ಕೆಮ್ಮೋಕೆ ಶುರು ಮಾಡಿದ್ಲು ನೋಡಿ, ನನ್ನದೇ ಅವಳಿಗೂ ಬಂತು ಅಂತ ಎದೆ ಒಡೆದು ಹೋಗಿತ್ತು. ಎಲ್ಲಾ ಪರೀಕ್ಷೆ ಮಾಡಿ, ‘ಇಲ್ಲ ದಮ್ಮು, ನಿಮ್ಮ ಮಗಳಿಗೆ’ ಅಂದ್ರು. ಅವರ ಕೈ ಹಿಡ್ಕೊಂಡು ಅತ್ತುಬಿಟ್ಟೆ.”

ಬೇಕರಿಯವನು ತಲೆಯೆತ್ತಿದ. “ಏನಂದ್ರು?”

“ಇಲ್ಲ ದಮ್ಮು ಅಂದ್ರು. ಮೊದಲು ಇಲ್ಲ, ಆಮೇಲೆ ದಮ್ಮು. ಅವರ ಮಾತೇ ಹಾಗಲ್ವಾ, ಕಾಲು ಮೇಲೆ ತಲೆ ಕೆಳಗೆ. ಕ್ಲಿನಿಕ್ಕಲ್ಲಿ ಎಲ್ಲರಿಗೂ ಅದೇ ಅಂಟುರೋಗ. ಈ ಕಾಂಪೌಂಡರನ್ನೇ ನೋಡಿ.”

“ಆಡ್ಕೊಳ್ಳಿ, ಆಡ್ಕೊಳ್ಳಿ” ಎಂದ ಕಾಂಪೌಂಡರು.

“ನಮ್ಮಣ್ಣ ಹಾಗೆ ಮಾತಾಡ್ತಿರಲಿಲ್ಲವಲ್ಲ” ಎಂದ ಬೇಕರಿಯವನು.

“ನಾವು ಕಂಡಾಗಿಂದ ಹಾಗೇ.” ಡ್ರೈವರು ಅವನನ್ನು ವಿಚಿತ್ರವಾಗಿ ನೋಡಿದ. “ನೀವು ಅವರ ಒಡಹುಟ್ಟಿದವರು ತಾನೇ?”

ಬೇಕರಿಯವನು ಗುಂಡಿಯ ಕಡೆ ತಿರುಗಿದ. ಇಷ್ಟು ಜನ ಕಂಡು ಬಲ್ಲ ಮನುಷ್ಯನೊಬ್ಬ, ತಾನು ಮನಸ್ಸಿನಲ್ಲೇ ಜಗಳವಾಡುತ್ತ ಬಂದ ಮನುಷ್ಯನೊಬ್ಬ. ಇಬ್ಬರಲ್ಲಿ ಮಣ್ಣಿಗಿಳಿಯುತ್ತಿರುವವನು ಯಾರು? ಹಗ್ಗ ಸಡಿಲಿಸುತ್ತ ಪೆಟ್ಟಿಗೆಯನ್ನು ಇಳಿಸುವಾಗ ಅವನು ಅಳಲಿಲ್ಲ. ದಮ್ಮಿಲ್ಲವೆಂಬುದು ಈ ಜನಕ್ಕೆ ಸಿಹಿಸುದ್ದಿಯೇ? ಹಾಗಿದ್ದರೆ ತನಗೂ ಅಣ್ಣ ಸಿಹಿಸುದ್ದಿಯನ್ನೇ ಕೊಟ್ಟಿದ್ದನೇ? ಮೇಲೆ ಬಿದ್ದ ಹಿಡಿಮಣ್ಣು ಕೆಳಗೆ ಸದ್ದು ಮಾಡಿತು. ಮಣ್ಣಿನ ಧೂಳು ಮೂಗಿಗೆ ಹೊಡೆದು ಮತ್ತೆ ಕೆಮ್ಮು ಬಂತು.

*

ಹಿಂದೊಮ್ಮೆ, ಒಂದು ಸಂಜೆ, ಅಣ್ಣ ಬೇಕರಿಗೆ ಬಂದಿದ್ದ. ಗಿರಾಕಿಗಳ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಗಾಜಿನ ಪೆಟ್ಟಿಗೆಯ ಮೇಲೆ ಕೈಯೂರಿ, “ಅವತ್ತು ನಾನು ಹೇಳಿದ್ದು…” ಎಂದು ಶುರುಮಾಡಿ ನಿಂತ. ತಮ್ಮ ಮುಖ ನೋಡಲಿಲ್ಲ. “ಏನು ಕೊಡ್ಲಿ?” ಎಂದ.

ಅಣ್ಣ ಬಾಯಿ ತೆರೆದ. ಪದ ಇನ್ನೂ ದಾರಿಯಲ್ಲಿತ್ತು.

“ಬೇಗ ಹೇಳಿ ಸ್ವಾಮಿ, ಹಿಂದೆ ಜನ ಇದ್ದಾರೆ” ಎಂದಳು ಕಂಕುಳಲ್ಲಿ ಮಗುವಿದ್ದ ಹೆಂಗಸೊಬ್ಬಳು. “ನಂಗೆ ನಾಲ್ಕು ಬನ್ನು ಕೊಟ್ಬಿಡಪ್ಪ ಅಷ್ಟರಲ್ಲಿ.”

ಬನ್ನು ಕಟ್ಟಿಕೊಟ್ಟು ತಿರುಗಿದಾಗ ಅಣ್ಣ ಸಾಲಿನ ಹೊರಗೆ ಸರಿದಿದ್ದ. ಕೈಯಲ್ಲಿ ಒಂದು ಬ್ರೆಡ್ಡಿತ್ತು. ಅದನ್ನು ಯಾವಾಗ ಎತ್ತಿಕೊಂಡನೋ. ಮೂಸಿ ನೋಡಿ, ತಲೆಯಾಡಿಸಿ, ಹೊರಟುಹೋದ. ಅಂಗಡಿಯ ಹುಡುಗಿಯರು, “ಯಾರು ಯಜಮಾನ್ರೇ ಅದು, ಅಷ್ಟು ನಿಧಾನದ ಗಿರಾಕಿ?” ಎಂದು ಕೇಳಿದ್ದಕ್ಕೆ, “ಯಾರೋ” ಎಂದಿದ್ದ.

*

ಗುಡ್ಡದಿಂದ ಮರಳಿ ಅಣ್ಣನ ಮನೆಯ ಮೆಟ್ಟಿಲು ಹತ್ತಿದಾಗ ಅತ್ತಿಗೆ ಗೋಡೆಗೊರಗಿ ಕುಳಿತಿದ್ದಳು. ಸಂತೈಸಲು ಬಂದ ಹೆಂಗಸರನ್ನು ಕಣ್ಸನ್ನೆಯಿಂದ ಕಳಿಸಿ, ಮೈದುನನನ್ನು ಎದುರಿಗೆ ಕೂರಿಸಿಕೊಂಡಳು.

“ಬಂದ್ಯಾ. ಅವರು ಹೋಗಬೇಕಾಯ್ತು ನೀನು ಬರೋಕೆ.”

“ಅತ್ತಿಗೆ…”

“ಅತ್ತಿಗೆ ಇಲ್ಲ ಗಿತ್ತಿಗೆ ಇಲ್ಲ. ಕೋಪ ಮಾಡ್ಕೊಳ್ಳೋರನ್ನ ನೋಡಿದ್ದೀನಿ. ಆಸ್ತಿ ವಿಷಯಕ್ಕೆ ಮಾಡ್ಕೋತಾರೆ, ಮದುವೆಗೆ ಕರೀಲಿಲ್ಲ ಅಂತ ಮಾಡ್ಕೋತಾರೆ. ನಿನಗೆ ಕಾಯಿಲೆ ಇಲ್ಲ ಕಣೋ ಅಂದಿದ್ದಕ್ಕೆ ಒಡಹುಟ್ಟಿದೋನ್ನ ಬಿಟ್ಟ ಮನುಷ್ಯ ಈ ಲೋಕದಲ್ಲಿ ನೀನೊಬ್ಬನೇ!”

ಅವನು ಕುಳಿತಲ್ಲೇ ಮುಂದಕ್ಕೆ ಬಾಗಿದ. “ಕಾಯಿಲೆ ಇಲ್ಲ ಅಂದಿದ್ದಾ?”

“ಮತ್ತಿನ್ನೇನು? ಅವತ್ತು ಮೇಲೆ ಬಂದು, ತಮ್ಮ ಎದ್ದುಹೋದ ಅಂದ್ರು. ಯಾಕೆ ಅಂದೆ. ‘ದಮ್ಮಿಲ್ಲ ಅಂದೆ’ ಅಂದ್ರು. ಒಳ್ಳೇದಾಯ್ತಲ್ಲ ಅಂದೆ. ಅವರು ಊಟಾನೂ ಮಾಡ್ಲಿಲ್ಲ.”

“ಒಳ್ಳೇದಾಗಿದ್ರೆ ಊಟ ಯಾಕೆ ಬಿಡ್ಬೇಕು?”

ಇಷ್ಟು ವರ್ಷ ಅತ್ತಿಗೆ ಹೊತ್ತ ಸಿಟ್ಟಿನಲ್ಲಿ ಅಂಥದೊಂದು ಬಿರುಕಿದೆಯೆಂದು ಅವಳಿಗೇ ಈಗ ಕಂಡಂತಿತ್ತು. “ಅದು ನಂಗೂ ಗೊತ್ತಿಲ್ಲ ಕಣೋ,” ಎಂದಳು ಮೆಲ್ಲಗೆ. “ಕೇಳಿದ್ದೆ. ಕಿಟಕಿ ಕಡೆ ನೋಡಿದ್ರು. ಅಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕಿತು, ಓಡಿದೆ.”

ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಎರಡು ಮನೆಗೂ ತುಸು ಬೆಳಕು ಬೀಳುತ್ತದಂತೆ. ಇಲ್ಲಿ ಎರಡು ಮನೆಯೂ ಕತ್ತಲೆಯಲ್ಲೇ ಕುಳಿತಿದ್ದವು. ಬೈಗುಳವೆಂದು ಅವನು ನಂಬಿದ. ಆರೋಗ್ಯವೆಂದು ಅವಳು ನಂಬಿದಳು. ಆರೋಗ್ಯವಾಗಿದ್ದರೆ ಈ ಸಿಳ್ಳೆ ಯಾರದು? ಅವನು ಎದೆಯ ಮೇಲೆ ಕೈಯಿಟ್ಟುಕೊಂಡ, ಬೇರೆ ಯಾರದೋ ಮನೆಯ ಬಾಗಿಲ ಮೇಲಿಡುವಂತೆ.

“ಕೆಳಗೆ ಹೋಗಿ ತೋರಿಸ್ಕೋ” ಎಂದಳು ಅತ್ತಿಗೆ. “ಮರಿ ಡಾಕ್ಟರಮ್ಮ ಇದ್ದಾಳೆ. ನಿನ್ನ ಉಸಿರು ಇಲ್ಲಿಗೇ ಕೇಳ್ತಿದೆ. ಈ ಮನೇಲಿ ಇವತ್ತಿಗೆ ಒಂದು ಸಾವು ಸಾಕು.”

ಅಂದು ಕ್ಲಿನಿಕ್ಕು ಮುಚ್ಚಿರಬೇಕಾಗಿತ್ತು. ಆದರೆ ಸಾವಿನ ಸುದ್ದಿ ತಿಳಿಯದೆ ಬಂದವರು ಕೆಲವರು ಬೆಂಚಿನಲ್ಲಿ ಕುಳಿತು ಏದುತ್ತಿದ್ದರು. ತಿಳಿದ ಮೇಲೂ ಅವರಿಗೆ ಎದ್ದು ಹೋಗುವ ತ್ರಾಣವಿರಲಿಲ್ಲ. ಅಣ್ಣನ ಕೈಕೆಳಗೆ ಪಳಗಿದ, ರೋಗಿಗಳ ಬಾಯಲ್ಲಿ ಮರಿ ಡಾಕ್ಟರಮ್ಮ ಎನಿಸಿಕೊಂಡ ಹೆಣ್ಣುಮಗಳು ಗುಡ್ಡದಿಂದ ಇಳಿದವಳೇ ಕೈ ತೊಳೆದು ಕೆಲಸಕ್ಕೆ ಕುಳಿತಿದ್ದಳು. ಅತ್ತು ಅವಳ ಮೂಗು ಕೆಂಪಾಗಿತ್ತು. ಅವನನ್ನು ಕಂಡು ಎದ್ದು ನಿಂತು, ಮತ್ತೆ ವೈದ್ಯಳಾಗಿ ಕುಳಿತಳು.

“ಕೂತ್ಕೊಳ್ಳಿ. ಬಿಚ್ಚಿ ಅಂಗಿನ. ಎಷ್ಟು ದಿನದಿಂದ ಈ ಸಿಳ್ಳೆ?”

“ದಿನದ ಲೆಕ್ಕ ಅಲ್ಲಮ್ಮ. ವರ್ಷದ್ದು.”

“ಜಾಸ್ತಿ ಆಗುತ್ತಾ, ಹಿಟ್ಟಿನ ಕೆಲ್ಸ ಮಾಡುವಾಗ?”

“ಜರಡಿ ಹಿಡಿದ್ರೆ ಸಾಕು.”

“ಕಮ್ಮಿ ಆಗುತ್ತಾ, ಅಂಗಡಿ ರಜೆ ಇದ್ದಾಗ?”

ಅವನು ಯೋಚಿಸಿದ. ಅಂಗಡಿಗೆ ಅವನು ರಜೆ ಕೊಟ್ಟದ್ದೇ ಅಪರೂಪ. ಮಗಳ ಮದುವೆಯ ವಾರ ಚೆನ್ನಾಗಿದ್ದೆನಲ್ಲ, ಸಂತೋಷಕ್ಕೆ ಇರಬೇಕೆಂದುಕೊಂಡಿದ್ದೆ ಎಂದು ಹೊಳೆಯಿತು. ಅದನ್ನು ಹೇಳಿದ. ಅವಳು ಬಿಲ್ಲೆಯನ್ನು ಬೆನ್ನಿಗಿಟ್ಟಳು. ಅವನು ಈ ಸಲ ಒಂದು ಮಾತನ್ನೂ ಆಡಲಿಲ್ಲ. ಅವಳು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಆಲಿಸಿ ಮುಗಿಸಿದಳು.

“ಹೇಳೋಕಾಗಲ್ಲ ಇವತ್ತೇ,” ಎಂದಳು. “ದಮ್ಮಿದೆ ಅಂತಾಗ್ಲಿ, ದಮ್ಮಿಲ್ಲ ಅಂತಾಗ್ಲಿ. ಊದಿ ನೋಡಬೇಕು ಹಿಟ್ಟು ಮುಟ್ಟಿದ ದಿನ, ಊದಿ ನೋಡಬೇಕು ಮುಟ್ಟದ ದಿನ. ತಿಳಿಯೋದು ಆಗ. ಗುಣ ಕಾಣುತ್ತೆ, ಹಿಟ್ಟಿನ ಧೂಳಿನಿಂದ ಬಂದಿದ್ದಾದ್ರೂ. ಇದೆ ಔಷಧಿ.”

“ಯಾಕಮ್ಮ ಇಲ್ಲಿ ಎಲ್ಲರೂ ಹೀಗೆ ಮಾತಾಡ್ತೀರಿ? ಬಾಲ ಮೊದಲು, ತಲೆ ಆಮೇಲೆ?”

ಅಷ್ಟು ದುಃಖದಲ್ಲೂ ಅವಳ ತುಟಿಯಂಚು ನಕ್ಕಿತು. “ಸರ್ ಬೈದು ಬೈದು ರೂಢಿ ಮಾಡಿಸಿದ್ದು. ಬಂದ ಹೊಸದರಲ್ಲಿ ನಾನೂ ಎಲ್ಲರ ಹಾಗೇ, ‘ನಿಮಗೆ ದಮ್ಮಿಲ್ಲ ಅಂತ ಈಗಲೇ ಹೇಳೋಕಾಗಲ್ಲ’ ಅಂದೆ ಒಬ್ಬರಿಗೆ. ಪಕ್ಕಕ್ಕೆ ಕರೆದ್ರು. ಉಸಿರಿಗೆ ಒದ್ದಾಡೋರಿಗೆ ವಾಕ್ಯದ ಕೊನೇ ತನಕ ಕಾಯೋ ತಾಳ್ಮೆ ಇರಲ್ಲ, ಹೇಳೋಕಾಗಲ್ಲ ಅನ್ನೋದನ್ನ ಮೊದಲು ಹೇಳು, ದಮ್ಮಿನ ಮಾತು ಆಮೇಲೆ ಅಂದ್ರು. ಅವರು ಇದೇ ಮಾತು ಹೇಳೋಕೆ ಹೋಗಿ, ‘ಅಂತ’ ಅನ್ನೋದು ಬಾಯಿಗೆ ಬರೋ ಮುಂಚೇನೇ ಒಬ್ರು ಎದ್ದು ಹೋಗಿಬಿಟ್ರಂತೆ.”

ಗೋಡೆಯಾಚೆ ಬೆಂಚಿನ ಮೇಲೆ ಯಾರೋ ಕೆಮ್ಮಿದರು.

“ಯಾರು?” ಎಂದ ಬೇಕರಿಯವನು.

“ಕೇಳಿದೆ. ಹೇಳ್ಲಿಲ್ಲ. ‘ಇಲ್ಲ ಅವನದೇನೂ ತಪ್ಪು. ಇರೋದು ವಾಕ್ಯದ್ದು’ ಅಂದ್ರು.”

ಅವನದು ಎಂದಿದ್ದಾನೆ, ಅವರದು ಎಂದಿಲ್ಲ. ಬೇಕರಿಯವನು ಅದನ್ನೇ ಹಿಡಿದುಕೊಂಡು ಕುಳಿತ. ಇಷ್ಟು ಕಾಲ ಮೊಳೆಯಂತೆ ನಾಟಿದ್ದ ಮಾತು ಬೈಗುಳವೂ ಅಲ್ಲ, ಅಭಯವೂ ಅಲ್ಲ. ಇನ್ನೂ ಮುಗಿಯದ ಒಂದು ಸಾಧಾರಣ ವಾಕ್ಯ. ಹಾಗಾದರೆ ಒಲೆಯ ವಿಷಯ? ‘ನಂಗಾಗುತ್ತಾ’ ಎಂದು ತಾನು ಕೇಳಿದ್ದು? ನಳಿಗೆ ಕಿವಿಯಲ್ಲಿದ್ದ ಅಣ್ಣನಿಗೆ ಅದು ಕೇಳಿಸಿಯೇ ಇರಲಿಲ್ಲವೇ? ಕೇಳಿಸಿದ್ದರೆ ಏನನ್ನುತ್ತಿದ್ದ? ಆ ಬ್ರೆಡ್ಡನ್ನು ಮೂಸಿ ತಲೆಯಾಡಿಸಿದ್ದು ಏನೆಂದು? ಒಂದು ಗಂಟು ಬಿಚ್ಚಿತೆನ್ನುವಾಗ ಅದರ ಕೆಳಗೆ ಇನ್ನೊಂದು ಕಂಡಿತು. ಬಿಚ್ಚಬಲ್ಲ ಬೆರಳುಗಳ ಮೇಲೆ ಆಗಲೇ ಮಣ್ಣು ಬಿದ್ದಿತ್ತು.

“ಆಯ್ತಾ ನಿಮ್ಮ ಮಾತು?” ಎಂದು ಕೇಳಿದ. “ಇನ್ನೇನಾದ್ರೂ ಹೇಳೋದಿದೆಯಾ?”

“ಇಲ್ಲ. ಇಷ್ಟೇ.” ಅವಳು ಯಂತ್ರದ ಕೊಳವೆಗೆ ಹೊಸ ಕಾಗದದ ಬಾಯಿ ಸಿಕ್ಕಿಸಿ ಅವನ ಕೈಗಿತ್ತಳು. “ಎಳ್ಕೊಳ್ಳಿ ಎದೆ ತುಂಬ. ಊದಿ ಈಗ. ನಿಲ್ಲಿಸಬೇಡಿ, ನಾನು ಹೇಳೋವರೆಗೂ.”

ಅವನು ಊದಿದ. ಪರದೆಯ ಮೇಲೆ ಒಂದು ಗೆರೆ ಗುಡ್ಡದಂತೆ ಎದ್ದು, ಬೇಗನೆ ಕುಸಿದು, ಉದ್ದಕ್ಕೆ ತೆವಳತೊಡಗಿತು. “ಊದಿ, ಊದಿ, ಇನ್ನೂ, ಇನ್ನೂ” ಎಂದಳು ಅವಳು. ಅಭ್ಯಾಸಬಲದಿಂದ ಬೆಂಚಿನವರೂ ಗೋಡೆಯಾಚೆಯಿಂದ “ಊದಿ, ಊದಿ” ಎಂದರು. ಕೆನ್ನೆ ಒಳಸೇರಿತು. ಕತ್ತಿನ ನರ ಉಬ್ಬಿತು. ಸಿಳ್ಳೆ ಸಣ್ಣಗಾಗಿ, ದಾರದಷ್ಟಾಗಿ, ಎಳೆಯಷ್ಟಾಯಿತು. ಯಂತ್ರ ಕೀಕ್ ಎಂದಿತು.

“ಸಾಕು. ಬಿಡಿ” ಎಂದಳು.

ಬೇಕರಿಯವನು ಕೊಳವೆಯನ್ನು ಬಾಯಿಂದ ತೆಗೆಯಲಿಲ್ಲ. ಎಡಗೈಯನ್ನೆತ್ತಿ, ಅಂಗೈಯನ್ನು ಅವಳ ಕಡೆಗೆ ತೋರಿಸಿ, ಸ್ವಲ್ಪ ತಡೆಯಮ್ಮ, ಇನ್ನೂ ಮುಗಿದಿಲ್ಲ ಎಂಬಂತೆ ಹಿಡಿದು, ಊದುತ್ತಲೇ ಇದ್ದ.